ಉಸ್ತಾದನ ಮಡಕೆ

ನನ್ನ ಎಡಗೈಯಲ್ಲಿ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಗೇಣುದ್ದಕ್ಕೆ ಸ್ವಲ್ಪ ಕಡಿಮೆಯ ಒಂದು ಗಾಯದ ಗುರುತಿದೆ. ಯಾರಾದರೂ ಕೇಳಿದರೆ "ಕೋಳಿ ಅಂಗಡಿ ಅಲ್ವಾ, ಮಚ್ಚು ಜಾರಿತು" ಎನ್ನುತ್ತಿದ್ದೆ. ಅದು ಸುಳ್ಳು. ಆ ಗಾಯ ಮಾಡಿದವನು ಹೋದ ಚಳಿಗಾಲದಲ್ಲಿ ತೀರಿಕೊಂಡ. ಹಿರಿಯರನ್ನು, ಅದರಲ್ಲೂ ಸತ್ತವರನ್ನು, ಬಹುವಚನದಲ್ಲಿ ಕರೆಯಬೇಕೆಂದು ಮೈಸೂರಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರು. ಮೇಷ್ಟ್ರು ಕ್ಷಮಿಸಲಿ, ಇವನನ್ನು ನಾನು ಏಕವಚನದಲ್ಲೇ ಕರೆಯುತ್ತೇನೆ. ಬದುಕಿದ್ದಾಗ ಹಾಗೆ ಕರೆಯುವ ಧೈರ್ಯ ನನಗಿರಲಿಲ್ಲ.

ಅವನು ಜಪಾನಿನ ಉತ್ತರದ ಅಕಿತಾ ಸೀಮೆಯವನು. ಮ್ಯಾನ್‌ಹಟನ್ನಿನ ಈಸ್ಟ್ ಸೈಡಿನಲ್ಲಿ ಬೀದಿಯಿಂದ ಎಂಟು ಮೆಟ್ಟಿಲು ಕೆಳಗಿಳಿದರೆ ಅವನ ಅಂಗಡಿ. ಹತ್ತು ಜನ ಕೂರುವಷ್ಟು ಜಾಗ, ಒಂದೇ ಒಂದು ಅಡುಗೆ. ನನ್ನದು ಕ್ವೀನ್ಸಿನಲ್ಲಿ, ಹಿಲ್‌ಸೈಡ್ ಅವೆನ್ಯೂವಿನಲ್ಲಿ, ಫ್ಲೋರಲ್ ಪಾರ್ಕಿಗೆ ಸ್ವಲ್ಪ ಈಚೆ, ಜೀವಂತ ಕೋಳಿ ಕುಯ್ದು ಕೊಡುವ ಅಂಗಡಿ. ನನ್ನ ಅಂಗಡಿಯ ಕೆಲಸಗಾರರು ಅವನಿಗೆ ಉಸ್ತಾದ್ ಎಂದು ಹೆಸರಿಟ್ಟಿದ್ದರು. ಅವನ ನಿಜವಾದ ಹೆಸರು ನನಗೆ ಗೊತ್ತಿದೆ, ಬರೆಯುವುದಿಲ್ಲ.

ಮೊದಲ ದಿನವೇ ಅವನು ನನ್ನ ಮುಖಕ್ಕೆ ಕೋಳಿ ಎಸೆದ. ಪುಕ್ಕ ತೆಗೆದು, ತೊಳೆದು, ತೂಕ ಮಾಡಿ ಕೊಟ್ಟ ಚೊಕ್ಕ ಕೋಳಿ. ಅದು ನನ್ನ ಗಡ್ಡಕ್ಕೆ ಬಡಿದು ನೆಲಕ್ಕೆ ಬಿತ್ತು. ನಾನೇನು ಸುಮ್ಮನಿರುವ ಪೈಕಿಯೇ? ಕೌಂಟರಿನ ಮೇಲಿಂದ ಬಗ್ಗಿ ಅವನ ಕಾಲರ್ ಹಿಡಿದೆ. ನನಗಿಂತ ಒಂದು ತಲೆ ಕುಳ್ಳಗಿದ್ದ ಆಸಾಮಿ ಬಿಡಿಸಿಕೊಳ್ಳಲು ನೋಡಲೇ ಇಲ್ಲ. ನೆತ್ತಿಯಿಂದ ನನ್ನ ಗದ್ದಕ್ಕೆ ಒಂದು ಗುದ್ದು ಕೊಟ್ಟ. ನಾಲಿಗೆ ಕಚ್ಚಿಕೊಂಡು ನನ್ನ ಬಾಯೆಲ್ಲ ರಕ್ತವಾಯಿತು. ಅವನು ನೇರವಾಗಿ ಪಂಜರಗಳ ಹತ್ತಿರ ಹೋಗಿ, ಕೈ ಹಾಕಿ, ಒಂದು ಮುದಿ ಹೇಂಟೆಯನ್ನು ಎಳೆದು ತೆಗೆದು, ಅದರ ಎದೆಮೂಳೆ ಸವರಿ, ಬಾಲದ ಬುಡದ ಕೊಬ್ಬು ಒತ್ತಿ, ನನ್ನ ಮೂಗಿನ ಹತ್ತಿರ ಹಿಡಿದ.

"ಇದು. ಎಳೇದು ಆಸ್ಪತ್ರೆಯ ರೋಗಿಗೆ."

ಅವನ ಇಂಗ್ಲಿಷ್ ನನ್ನದಕ್ಕಿಂತಲೂ ಬಡವಾಗಿತ್ತು. ಅವನ ಮಾತನ್ನು ನನ್ನ ಕನ್ನಡಕ್ಕೆ ಹಾಕಿಕೊಂಡು ಬರೆಯುತ್ತಿದ್ದೇನೆ. ಅಂದಿನಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಆರು ಮುದಿ ಹೇಂಟೆ, ಕಾಲು ಸಮೇತ, ಹೊಟ್ಟೆಯೊಳಗಿನ ಇನ್ನೂ ಇಡದ ಮೊಟ್ಟೆಗಳ ಗೊಂಚಲು ಸಮೇತ. ಮೊಟ್ಟೆಯಿಟ್ಟು ದಣಿದ ಹೇಂಟೆಯನ್ನು ನನ್ನ ಬೇರೆ ಗಿರಾಕಿಗಳು ಮೂಸಿಯೂ ನೋಡುತ್ತಿರಲಿಲ್ಲ. ಇವನು ಅದನ್ನು ಮದುವೆಗೆ ಹೆಣ್ಣು ನೋಡುವಷ್ಟು ಹೊತ್ತು ನೋಡುತ್ತಿದ್ದ.

ನನ್ನ ಅಂಗಡಿಯಲ್ಲಿ ಪಂಜರಗಳಿಗೂ ಕುಯ್ಯುವ ಜಾಗಕ್ಕೂ ನಡುವೆ ದಪ್ಪನೆಯ ಪರದೆಯಿದೆ. ಒಂದು ಜೀವದ ಕಣ್ಣೆದುರು ಇನ್ನೊಂದನ್ನು ಹಲಾಲ್ ಮಾಡಬಾರದು, ಅದಕ್ಕೆ ಕತ್ತಿಯನ್ನೂ ತೋರಿಸಬಾರದು. ನನ್ನ ಅಬ್ಬಾ ಮೈಸೂರಿನ ಮಾರ್ಕೆಟ್ಟಿನಲ್ಲಿ ಮಾಡುತ್ತಿದ್ದದ್ದೂ ಹಾಗೆಯೇ. ಉಸ್ತಾದ್ ಒಂದು ದಿನ ಆ ಪರದೆಯನ್ನು ಕಿತ್ತೆಸೆಯಲು ಬಂದ, ತನ್ನ ಕೋಳಿ ಹೇಗೆ ಸಾಯುತ್ತದೆಂದು ನೋಡಬೇಕಂತೆ. ನೀನೊಬ್ಬನೇ ಒಳಗೆ ಬಾ, ಪರದೆ ಮುಟ್ಟಬೇಡ ಎಂದೆ. ಬಂದು ನಿಂತ. ಬಿಸ್ಮಿಲ್ಲಾ ಹೇಳಿ ನಾನು ಕೈಯಾಡಿಸುವುದನ್ನು ಕಣ್ಣು ಮಿಟುಕಿಸದೆ ನೋಡಿದ. ಮುಂದಿನ ವಾರ ಬಂದು, "ಹೆದರಿ ಸತ್ತ ಕೋಳಿ ಬಿಗಿ. ನಿನ್ನ ಕೋಳಿಗೆ ಗೊತ್ತೇ ಆಗಲಿಲ್ಲ. ಸಾರು ಒಳ್ಳೆಯದು" ಎಂದ. ನನ್ನ ಕಸುಬನ್ನು ಈ ದೇಶದಲ್ಲಿ ಹೊಗಳಿದ ಮೊದಲನೆಯವನು ಅವನು. ಅದು ನನ್ನ ತಲೆಗೇರಿತು ಎಂದು ಒಪ್ಪಿಕೊಳ್ಳುತ್ತೇನೆ.

ಅವನ ಅಡುಗೆಯ ಸಂಗತಿ ನನಗೆ ವಿವರವಾಗಿ ಹೇಳಿದವರು ಮೆಟುಚೆನ್ ಊರಿನ ನಮ್ಮ ಡಾಕ್ಟರು. ಧಾರವಾಡದವರು. ಮನೆಯೊಳಗೆ ಕಟ್ಟಾ ಸಸ್ಯಾಹಾರಿ, ಮನೆ ದಾಟಿದರೆ ಇವರಿಂದ ಯಾವ ಪ್ರಾಣಿಗೂ ಭರವಸೆಯಿಲ್ಲ. ತಿನ್ನುವುದಕ್ಕಾಗಿಯೇ ರೈಲು ಹತ್ತುವ, ವಿಮಾನ ಹತ್ತುವ ಜಾತಿ. ಅನ್ನವನ್ನು ಅರ್ಧಕ್ಕರ್ಧ ಕುಟ್ಟಿ, ಸೀಡರ್ ಮರದ ಕೋಲಿಗೆ ಸೀಖ್ ಕಬಾಬಿನ ಹಾಗೆ ಮೆತ್ತಿ, ಕೆಂಡದಲ್ಲಿ ಸುಟ್ಟು, ಕೋಲಿನಿಂದ ಬಿಡಿಸಿ ಓರೆಯಾಗಿ ಕತ್ತರಿಸಿ, ಕೋಳಿಮೂಳೆಯ ಸಾರು ಕುದಿಯುವ ಮಣ್ಣಿನ ಮಡಕೆಗೆ ಹಾಕುತ್ತಾರೆ. ಜೊತೆಗೆ ಅಣಬೆ, ಈರುಳ್ಳಿ ದಂಟು, ಗೊಬೊ ಎಂಬ ಉದ್ದನೆಯ ಬೇರು, ಕೊನೆಗೆ ನೀರಿನಲ್ಲಿ ಬೆಳೆಯುವ ಒಂದು ಘಮಘಮ ಸೊಪ್ಪು, ಅದೂ ಬೇರು ಸಮೇತ. ಕಿರಿತಾಂಪೊ ಎಂದು ಅದರ ಹೆಸರು. ಅನ್ನ ಮುದ್ದೆಯಷ್ಟು ನುಣ್ಣಗಾದರೆ ಕೆಟ್ಟಿತು, ಬಿಡಿಬಿಡಿಯಾಗಿದ್ದರೆ ಸಾರಿನಲ್ಲಿ ಕರಗಿ ಗಂಜಿಯಾಗುತ್ತದೆ.

"ಬ್ಯಾರು ತಿನ್ರೀ ಸಾಹೇಬ್ರ, ಬ್ಯಾರಿನ್ಯಾಗ ಐತಿ ಎಲ್ಲಾ" ಎಂದು ಡಾಕ್ಟರು ನನ್ನ ಅಂಗಡಿಯಲ್ಲೇ ನಿಂತು ಬಾಯಿ ಚಪ್ಪರಿಸುತ್ತಿದ್ದರು. "ಅಂವಾ ಬೈತಾನ, ಬೈಸ್ಕೊಂಡು ತಿನ್ಬೇಕು. ಅದೂ ಒಂದು ಎಕ್ಸ್‌ಪೀರಿಯನ್ಸ್ ನೋಡ್ರಿ."

ಬೈಯುವುದಷ್ಟೇ ಅಲ್ಲ. ಕ್ಯಾಲಿಫೋರ್ನಿಯಾದಿಂದ ಬಂದ ಒಬ್ಬ, ಊರೂರು ತಿಂದು ಬರೆಯುವವನು, ತನ್ನ ಚೀಲದಿಂದ ಖಾರದ ಸಾಸಿನ ಬಾಟಲಿ ತೆಗೆದು ಮಡಕೆಯ ಮೇಲೆ ಹಿಡಿದನಂತೆ. ಉಸ್ತಾದ್ ಕುದಿಯುವ ಮಡಕೆಯನ್ನು ಎತ್ತಿ ಸಿಂಕಿಗೆ ಸುರಿದ, ಅವನ ಕೊರಳಪಟ್ಟಿ ಹಿಡಿದು ಎಂಟು ಮೆಟ್ಟಿಲೂ ಎಳೆದುಕೊಂಡು ಹೋಗಿ ಬೀದಿಗೆ ದಬ್ಬಿದ. ಒಂದೊಂದು ಮೆಟ್ಟಿಲಿಗೂ ಆ ಮನುಷ್ಯನ ಮೊಣಕಾಲು ಬಡಿಯುವ ಸದ್ದು ಒಳಗೆ ಕೇಳುತ್ತಿತ್ತಂತೆ. ಉಳಿದ ಒಂಬತ್ತು ಮಂದಿ ಏನು ಮಾಡಿದರು? ಇಬ್ಬರು ಚಪ್ಪಾಳೆ ತಟ್ಟಿದರು, ಒಬ್ಬಳು ವಿಡಿಯೊ ಮಾಡಿದಳು. ಮುಂದಿನ ತಿಂಗಳು ಅವನ ಅಂಗಡಿಯ ಮುಂದೆ ಸಾಲು ಎರಡರಷ್ಟಾಯಿತು. ಜನ ಸಾರಿನ ರುಚಿಯನ್ನು ಬರೆದ ಹಾಗೆ ಅವನ ಸಿಟ್ಟಿನ ರುಚಿಯನ್ನೂ ಬರೆದರು.

ಅವನ ಬಲಗಿವಿ ಒಣಗಿದ ಅಣಬೆಯ ಹಾಗೆ ಮುದುಡಿಕೊಂಡಿತ್ತು. ಒಮ್ಮೆ ಕೇಳಿದೆ. "ಅಪ್ಪ" ಎಂದ. "ನಾನು ಅನ್ನ ಜಾಸ್ತಿ ಕುಟ್ಟಿದ್ದೆ. ಅದೇ ಒನಕೆಯಿಂದ." ಅಪ್ಪ ಮರ ಕಡಿಯುವವನಂತೆ. ಹೇಳಿ, ಜೋರಾಗಿ ನಕ್ಕ. ನಾನೂ ನಕ್ಕೆ. ನಮ್ಮ ಅಬ್ಬಾನ ಬೆಲ್ಟಿನ ಕಥೆ ಹೇಳಿದೆ. ಗಂಡಸರು ತಿಂದ ಏಟುಗಳನ್ನು ಹೀಗೆ ಮಿಠಾಯಿಯಂತೆ ಹಂಚಿಕೊಳ್ಳುತ್ತಾರೆ. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ಅವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ವ್ಯಾನ್ ಓಡಿಸಿಕೊಂಡು ಬರುತ್ತಿದ್ದವರು ಅವನ ಹೆಂಡತಿ. ಐವತ್ತು ದಾಟಿದ, ಸಣ್ಣ ದನಿಯ ಹೆಂಗಸು. ಮೊದಲೆಲ್ಲ ವ್ಯಾನಿನಲ್ಲೇ ಕೂತಿರುತ್ತಿದ್ದರು, ಆಮೇಲೆ ಒಳಗೆ ಬರತೊಡಗಿದರು. ನಾನು ಚಹಾ ಕೊಟ್ಟರೆ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿಯುತ್ತಿದ್ದರು. ಒಂದು ಮಂಗಳವಾರ ಅವರ ತುಟಿ ಊದಿತ್ತು. ಚಹಾ ಬಿಸಿಯಾಗಿದೆ, ನಿಧಾನ ಎಂದೆ. ಅಷ್ಟೇ ಹೇಳಿದ್ದು ನಾನು.

ಒಂದು ಚಳಿಗಾಲ ಉಸ್ತಾದ್ "ನಮ್ಮಲ್ಲಿಗೆ ಊಟಕ್ಕೆ ಬಾ" ಎಂದ. ಕೋಳಿ ನನ್ನದೇ, ಅದಕ್ಕೆ ಅಡ್ಡಿಯಿರಲಿಲ್ಲ. ಆದರೆ ಅವನ ಸಾರಿಗೆ ಅಕ್ಕಿಯ ಮದ್ಯ ಬೀಳುತ್ತಿತ್ತು. ನನಗೆ ಅದು ಆಗುವುದಿಲ್ಲ, ಆ ಮಡಕೆಯೂ ಆಗುವುದಿಲ್ಲ ಎಂದೆ. ಅವನ ಮುಖ ಕಲ್ಲಾಯಿತು. ಖಾರದ ಬಾಟಲಿ ತೆಗೆದವನ ಗತಿ ನೆನಪಾಗಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಕೋಳಿ ಎತ್ತಿಕೊಂಡು ವ್ಯಾನಿಗೆ ಹೋದ. ಚಹಾ ಕುಡಿಯುತ್ತಿದ್ದ ಅವನ ಹೆಂಡತಿ ಮಾತ್ರ ನನ್ನನ್ನು ಕೇಳಿದರು, "ಬರೀ ಮದ್ಯವಾ? ಸೋಯಾ ಪರವಾಗಿಲ್ಲವಾ?"

ಎರಡು ವಾರ ಬಿಟ್ಟು ಕರೆ ಬಂತು. ಅವನ ಅಂಗಡಿಗೆ ರಜೆಯ ದಿನ, ಮಧ್ಯಾಹ್ನ ಅಲ್ಲಿಗೇ ಹೋದೆ. ನನ್ನೆದುರು ಹೊಸ ಮಡಕೆ, ಹೊಸ ಸೌಟು, ಹೊಸ ಬಟ್ಟಲು. ಉಸ್ತಾದ್ ಮುಚ್ಚಳ ತೆಗೆದು, ಕೈಕಟ್ಟಿ ನಿಂತ. ಅವನ ಹೆಂಡತಿ ಹಿಂದೆ ನಿಂತಿದ್ದರು, ಬಲಗೈಗೆ ಬಟ್ಟೆ ಸುತ್ತಿಕೊಂಡು. ಅಡುಗೆಮನೆಯಲ್ಲಿ ಕೈ ಸುಟ್ಟಿರಬೇಕು ಎಂದುಕೊಂಡೆ. ಸುಟ್ಟ ಅನ್ನದ ತುಂಡು ಸಾರನ್ನೆಲ್ಲ ಹೀರಿಕೊಂಡು ನಾಲಿಗೆಯ ಮೇಲೆ ಒಡೆಯಿತು. ಸೊಪ್ಪಿನ ಬೇರು ಕಟುಂ ಎಂದಿತು. ನಲವತ್ತು ವರ್ಷ ಕೋಳಿಯ ನಡುವೆ ಬದುಕಿದ ನಾನು, ಕೋಳಿಗೆ ಇಂಥ ರುಚಿಯಿದೆಯೆಂದು ಅಂದು ತಿಳಿದೆ. ಒಂದು ಬಾಟಲಿಗೆ ಮನುಷ್ಯನನ್ನು ಮೆಟ್ಟಿಲ ಮೇಲೆ ಎಳೆದವನು ನನ್ನ ದೀನ್‌ಗಾಗಿ, ನನ್ನ ಧರ್ಮಕ್ಕಾಗಿ, ತನ್ನ ಅಡುಗೆಯನ್ನೇ ಬದಲಾಯಿಸಿದ್ದಾನೆ ಎಂದು ನನ್ನ ಕಣ್ಣು ತುಂಬಿತು. ಉಂಡ ಮನೆಗೆ ಎರಡು ಬಗೆಯಬಾರದು. ನಮ್ಮಲ್ಲಿ ನಮಕ್ ಎನ್ನುತ್ತಾರೆ, ಉಪ್ಪಿನ ಋಣ. ಅಂದಿನಿಂದ ನಾನು ಅವನವನಾದೆ.

ಮರುವರ್ಷದ ಚಳಿಗಾಲ. ಹಿಮ ಬೀಳುತ್ತಿದ್ದ ಒಂದು ಮಂಗಳವಾರ. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ನಾನು ಆರು ಹೇಂಟೆ ಆರಿಸಿಟ್ಟಿದ್ದೆ. ಅವನ ಹೆಂಡತಿ, "ಈ ಹಿಮಕ್ಕೆ ಜನ ಬರಲ್ಲ, ನಾಲ್ಕು ಸಾಕು" ಎಂದರು. ಅವನು ಆರು ಎಂದ. ಅವರು ಮತ್ತೆ ನಾಲ್ಕು ಎಂದರು. ಅವನು ಅಂಗೈ ಬೀಸಿ ಅವರ ಮುಖಕ್ಕೆ ಬಾರಿಸಿದ. ಅವರು ಪಂಜರಗಳ ಸಾಲಿಗೆ ಬಡಿದು ಬಿದ್ದರು, ಕೋಳಿಗಳು ಕಿರುಚಿಕೊಂಡವು, ಪುಕ್ಕ ಎದ್ದಿತು. ಅವರು ಎದ್ದು ನಿಂತು, ಎಡಗೈಯಿಂದ ಬಾಯಿ ಒರೆಸಿಕೊಂಡು, ಅದೇ ಸಣ್ಣ ದನಿಯಲ್ಲಿ "ನಾಲ್ಕು" ಎಂದರು.

ಕೌಂಟರಿನ ಮೇಲೆ ಮೂಳೆ ಕಡಿಯುವ ಮಚ್ಚಿತ್ತು. ಅವನು ಅದನ್ನು ಎತ್ತಿದ್ದು ಕಂಡಿತು. ಬೀಸುವುದಕ್ಕೋ ಹೆದರಿಸುವುದಕ್ಕೋ, ಆ ಗಳಿಗೆಯಲ್ಲಿ ಯೋಚಿಸಲು ಬಿಡುವಿಲ್ಲ. ಮಧ್ಯೆ ನುಗ್ಗಿ ಎಡಗೈ ಅಡ್ಡ ಹಿಡಿದೆ. ನೋವು ಆಮೇಲೆ ಬಂತು, ಮೊದಲು ಬಂದದ್ದು ಬಿಸಿ. ನೆಲದ ಮೇಲೆ ಬೀಳುತ್ತಿದ್ದ ರಕ್ತ ನನ್ನದೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಕೆಲಸಗಾರರು ಅವನನ್ನು ಗೋಡೆಗೆ ಒತ್ತಿ ಹಿಡಿದರು. ಗಿರಾಕಿಗಳಲ್ಲಿ ಯಾರೋ ಪೊಲೀಸಿಗೆ ಫೋನ್ ಮಾಡಿದರು, ಮಾಡಿ ಎಲ್ಲರೂ ಹೊರಗೆ ಜಾರಿಕೊಂಡರು.

ಪೊಲೀಸಿನವನು ಬಂದಾಗ ಅಂಗಡಿಯಲ್ಲಿ ಉಳಿದವರು ನಾವು ಮೂವರು, ಮತ್ತು ನಾನು ಹೇಳಿದ್ದಕ್ಕೆ ಹೂಂ ಎನ್ನುವ ನನ್ನ ಕೆಲಸಗಾರರು. ಅವನು ಮಚ್ಚು ನೋಡಿದ, ನನ್ನ ಕೈ ನೋಡಿದ, ಉಸ್ತಾದನನ್ನು ನೋಡಿದ. ಏನಾಯಿತು ಎಂದು ಮೊದಲು ನನ್ನನ್ನೇ ಕೇಳಿದ. ಉಸ್ತಾದ್ ನೆಲ ನೋಡುತ್ತಿದ್ದ. ಅವನ ಹೆಂಡತಿ ಪಂಜರದ ಪಕ್ಕದಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಕೋಳಿ ಕಡಿಯುವಾಗ ಮಚ್ಚು ಜಾರಿತು" ಎಂದೆ.

ಆಮೇಲೆ ಪೊಲೀಸಿನವನು ಅವರನ್ನು ಕೇಳಿದ. ಮೇಡಂ, ನೀವೇನಾದರೂ ಹೇಳುವುದಿದೆಯಾ? ಅವರು ನನ್ನ ಮೇಲಿಂದ ಕಣ್ಣು ತೆಗೆದು, "ಹೌದು, ಜಾರಿತು" ಎಂದರು. ಅವನು ಪುಸ್ತಕ ಮುಚ್ಚಿ, ಆಂಬುಲೆನ್ಸ್ ಕರೆದು ಹೊರಟ. ಆ ಹೆಂಗಸು ಅದೇ ಗಂಡನನ್ನು ಅದೇ ವ್ಯಾನಿನಲ್ಲಿ ಕೂರಿಸಿಕೊಂಡು ಎಡಗೈಯೊಂದರಲ್ಲೇ ಮನೆಗೆ ಡ್ರೈವ್ ಮಾಡಿಕೊಂಡು ಹೋದರು.

ನಮ್ಮ ಮನೆಮಾತು ಉರ್ದು. ಆದರೆ ಶ್ರೀರಂಗಪಟ್ಟಣದ ನನ್ನ ಹೆಂಡತಿ ಬೈಯುವುದು ಮಾತ್ರ ಕನ್ನಡದಲ್ಲಿ. ನಡೆದದ್ದನ್ನು ಅವಳಿಗೊಬ್ಬಳಿಗೆ ಹೇಳಿದೆ. ಬ್ಯಾಂಡೇಜು ಬದಲಾಯಿಸುತ್ತಿದ್ದವಳು ಕೈ ಬಿಟ್ಟು ಎದ್ದಳು.

"ಕೋಳಿಗಾದ್ರೆ ಪರದೆ ಕಟ್ತೀರಿ. ಆ ಹೆಣ್ಮಗಳು ಏಟು ತಿಂದದ್ದನ್ನ ನಿಮ್ಮ ಕೋಳಿಗಳೆಲ್ಲಾ ಸಾಲಾಗಿ ಕೂತು ನೋಡಿದ್ವಲ್ಲ, ಅವಕ್ಕೇನ್ ಹೇಳ್ತೀರಿ?"

"ಅವನ ಉಪ್ಪು ತಿಂದಿದ್ದೀನಿ ಕಣೇ."

"ಉಪ್ಪಂತೆ! ನಾಳೆ ಅವಳ ಹೆಣ ಬಿದ್ರೆ ಅದಕ್ಕೂ ಉಪ್ಪು ಸವರ್ತೀರಾ?"

ಉಳಿದ ಬ್ಯಾಂಡೇಜನ್ನು ನಾನೇ ಕಟ್ಟಿಕೊಂಡೆ. ಡಾಕ್ಟರು ಗಾಯದ ಹೊಲಿಗೆ ನೋಡಿ, ಕೈ ತಿರುಗಿಸಿ ಮತ್ತೆ ನೋಡಿದರು. "ಸಾಹೇಬ್ರ, ಇದು ಜಾರಿದ್ ಗಾಯ ಅಲ್ಲರೀ. ಇದು ಕೈ ಅಡ್ಡ ಹಿಡದು ತಡದ ಗಾಯ." ನಾನು ಅಂಗಿಯ ತೋಳನ್ನು ಕೆಳಗೆಳೆದುಕೊಂಡೆ. "ನೀವು ಹೇಳಾಂಗಿಲ್ಲಂದ್ರ ನಾ ಕೇಳಾಂಗಿಲ್ಲ ಬಿಡ್ರಿ" ಎಂದರು. ಆ ಶನಿವಾರವೂ ಅವರು ಎಂಟು ಮೆಟ್ಟಿಲಿಳಿದು ಊಟ ಮಾಡಿ ಬಂದರೆಂದು ನನಗೆ ಗೊತ್ತು.

ಮುಂದಿನ ಮಂಗಳವಾರ ಉಸ್ತಾದ್ ಟ್ಯಾಕ್ಸಿಯಲ್ಲಿ ಒಬ್ಬನೇ ಬಂದ. ಕೌಂಟರಿನ ಮುಂದೆ ಸೊಂಟ ಬಗ್ಗಿಸಿ ನಿಂತವನು ಬಹಳ ಹೊತ್ತು ತಲೆಯೆತ್ತಲಿಲ್ಲ. ನಾನು ಆರು ಹೇಂಟೆ ಕುಯ್ದು ಕೊಟ್ಟೆ. ಆಮೇಲೆ ನಾಲ್ಕು ವರ್ಷ ಹೀಗೆಯೇ ನಡೆಯಿತು. ಆ ವಿಷಯ ನಾವಿಬ್ಬರೂ ಎತ್ತಲಿಲ್ಲ. ಅವನ ಹೆಂಡತಿ ಮತ್ತೆ ನನ್ನ ಅಂಗಡಿಗೆ ಕಾಲಿಡಲಿಲ್ಲ. ಹೇಗಿದ್ದಾರೆ ಎಂದು ಕೇಳಿದರೆ ಅವನು "ಚೆನ್ನಾಗಿದ್ದಾಳೆ" ಎನ್ನುತ್ತಿದ್ದ, ನಾನು ನಂಬಿದ ಹಾಗೆ ತಲೆಯಾಡಿಸುತ್ತಿದ್ದೆ.

ಹೋದ ಚಳಿಗಾಲ ಅವನು ಒಲೆಯ ಮುಂದೆಯೇ ಕುಸಿದು ಸತ್ತ. ನಲವತ್ತೊಂಬತ್ತನೆಯ ದಿನ ಅವರಲ್ಲಿ ಒಂದು ಕಾರ್ಯವಂತೆ, ನಮ್ಮ ನಲವತ್ತನೆಯ ದಿನದ ಹಾಗೆ. ಅಂದು ಮಧ್ಯಾಹ್ನ ಅವನ ಹಳೆಯ ಗಿರಾಕಿಗಳು ಆ ನೆಲಮಾಳಿಗೆಯಲ್ಲಿ ಸೇರಿದರು, ಬಾಸ್ಟನ್ನಿನಿಂದ, ಷಿಕಾಗೋದಿಂದಲೂ ಬಂದಿದ್ದರು. ಕೋಳಿ ಕೊಡುತ್ತಿದ್ದವನು ಎರಡು ಮಾತಾಡಲೇಬೇಕು ಎಂದು ಡಾಕ್ಟರು ನನ್ನನ್ನು ಎಳೆದುಕೊಂಡು ಹೋದರು. ಪರದೆಯ ಕಥೆ, ಹೊಸ ಮಡಕೆಯ ಕಥೆ, ಎರಡನ್ನೂ ಇಂಗ್ಲಿಷಿನಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಗೋಡೆಯ ಮೇಲೆ ಅವನ ಫೋಟೊ, ಕೆಳಗೆ ಹೂವು. ಕ್ಯಾಲಿಫೋರ್ನಿಯಾದವನನ್ನು ಮೆಟ್ಟಿಲ ಮೇಲೆ ಎಳೆದ ಪ್ರಸಂಗವನ್ನು ಒಬ್ಬ ಅಭಿನಯಿಸಿ ತೋರಿಸುತ್ತಿದ್ದ, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಒಳಗೆ ಅವನ ಹೆಂಡತಿ ಒಬ್ಬರೇ ಅಡುಗೆ ಮಾಡುತ್ತಿದ್ದರು. ನನ್ನ ಪಾಲಿಗೆ ಮದ್ಯ ಹಾಕಬೇಡಿ ಎಂದು ಹೇಳಲು ಒಳಗೆ ಹೋದೆ. ಅವರು ಎಡಗೈಯಲ್ಲಿ ಅನ್ನ ಕುಟ್ಟುತ್ತಿದ್ದರು. ಆವತ್ತು ಬಟ್ಟೆ ಸುತ್ತಿದ್ದ ಬಲಗೈ ಮಣಿಕಟ್ಟಿನಲ್ಲಿ ಮಡಚಿಕೊಂಡು ಹೊಟ್ಟೆಗೆ ಆನಿಕೊಂಡಿತ್ತು.

"ನಿಮ್ಮದು ಆ ಮಡಕೆ" ಎಂದು ಗದ್ದದಿಂದ ತೋರಿಸಿದರು. "ಮದ್ಯ ಹಾಕಿಲ್ಲ. ಆಗಲೂ ಹಾಕಿರಲಿಲ್ಲ."

"ಉಸ್ತಾದ್ ನನಗೋಸ್ಕರ…" ಎಂದು ಶುರುಮಾಡಿದೆ.

"ಅವನು ಬೇಡ ಅಂದ. ಮದ್ಯವಿಲ್ಲದೆ ಇದು ನನ್ನ ಸಾರೇ ಅಲ್ಲ ಅಂದ." ಅವರು ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಚಹಾ ಕೊಡ್ತಾರೆ, ಅವರಿಗೆ ಒಂದು ದಿನ ಊಟ ಹಾಕೋಣ ಅಂದೆ. ಮಡಕೆ ನಾನೇ ತಂದೆ. ನಾನೇ ಮಾಡಿದೆ. ಹಿಂದಿನ ದಿನ ಒನಕೆಯಿಂದ ಹೊಡೆದ. ಇದು ಆವತ್ತಿನದು." ಮಡಚಿದ ಮಣಿಕಟ್ಟನ್ನು ಸ್ವಲ್ಪ ಎತ್ತಿದರು. "ಆಮೇಲೆ ಮುಚ್ಚಳ ತೆಗೆದದ್ದು ಅವನು."

ಹೊರಗೆ ನನ್ನ ಹೆಸರು ಕೂಗಿದರು. ನಾನು ತಿಂದ ಉಪ್ಪು ಇವರದು. ಆ ಉಪ್ಪಿನ ಹೆಸರಿನಲ್ಲಿ ನಾನು ಇವರನ್ನೇ ಮಚ್ಚಿನವನ ಕೈಗೆ ಒಪ್ಪಿಸಿದ್ದೆ. ಹೊರಗೆ ಹೋಗಿ ನಿಂತು ಜೇಬಿನ ಕಾಗದ ತೆಗೆಯಲಿಲ್ಲ. ಅಂಗಿಯ ತೋಳು ಮಡಿಸಿ ಕೈ ತೋರಿಸಿದೆ. ಇದನ್ನು ಕಡಿದವನು ಫೋಟೊದಲ್ಲಿರುವ ಇವನು, ಇದು ಬೀಳಬೇಕಾಗಿದ್ದದ್ದು ಇವನ ಹೆಂಡತಿಯ ಮೇಲೆ, ಪೊಲೀಸಿನವನ ಮುಂದೆ ನಾನು ಸುಳ್ಳು ಹೇಳಿದೆ, ನನ್ನ ಸುಳ್ಳಿನಿಂದ ಅವರು ನಾಲ್ಕು ವರ್ಷ ಇಲ್ಲಿ ಏಟು ತಿಂದರು ಎಂದೆ. ನನ್ನ ಇಂಗ್ಲಿಷ್ ತಡವರಿಸಿತು, ಆದರೆ ಎಲ್ಲರಿಗೂ ಅರ್ಥವಾಯಿತು. ಡಾಕ್ಟರು ತಮ್ಮ ಬಟ್ಟಲಿನೊಳಗೆ ನೋಡುತ್ತಾ ಕೂತರು.

ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಬಂದು ಒಂದೊಂದೇ ಮಡಕೆಯನ್ನು ಎಡಗೈಯಲ್ಲಿ ಎತ್ತಿ ತಂದು ಒಬ್ಬೊಬ್ಬರ ಮುಂದೆ ಇಟ್ಟರು. ಕೊನೆಯದು ನನ್ನದು. ಅದನ್ನಿಟ್ಟು ನನ್ನ ಮುಂದೆ ನಿಂತರು. ನಾನು ಕೈ ಮುಗಿದೆ, ಮಾಫ್ ಮಾಡಿ ಎಂದೆ, ಯಾವ ಭಾಷೆಯಲ್ಲಿ ಎಂದೂ ನನಗೆ ನೆನಪಿಲ್ಲ.

"ಪೊಲೀಸಿನವನು ನಿಮ್ಮನ್ನು ಕೇಳಿದಾಗ ನನ್ನ ಗಂಡ ಇನ್ನೂ ಬದುಕಿದ್ದ" ಎಂದು ಹೇಳಿ, ಅವರು ಒಳಗೆ ಹೋದರು.